ದುಡಿದ ಹಣ ಕೈ ಸೇರದಿದ್ದಾಗ: ವೇತನ ಬಾಕಿಯ ಲೆಕ್ಕ ಮತ್ತು ವಸೂಲಿ

ವೇತನ ಬಾಕಿ ಎಂದರೇನು

ದುಡಿಮೆ ಮುಗಿದ ಮೇಲೆ ಕಾನೂನು ಗೊತ್ತುಪಡಿಸಿದ ದಿನದೊಳಗೆ, ಗೊತ್ತುಪಡಿಸಿದ ಮೊತ್ತದಲ್ಲಿ ದುಡಿದವರಿಗೆ ಸೇರದೆ ಉಳಿದ ಹಣವೇ ವೇತನ ಬಾಕಿ. ಮೈಸೂರು ಸೀಮೆಯಲ್ಲಿ ಸಂಬಳ, ಉತ್ತರ ಕರ್ನಾಟಕದಲ್ಲಿ ಪಗಾರ, ದಿನದ ಲೆಕ್ಕದಲ್ಲಿ ದುಡಿಯುವವರ ಬಾಯಲ್ಲಿ ಕೂಲಿ, ಕಾನೂನಿನ ಪುಸ್ತಕದಲ್ಲಿ ವೇತನ. ಹೆಸರು ಯಾವುದಾದರೂ ಬಾಕಿ ಹುಟ್ಟುವ ಬಗೆ ಎಲ್ಲೆಡೆ ಒಂದೇ.

ತಿಂಗಳ ಸಂಬಳ ಪೂರ್ತಿ ನಿಂತುಹೋಗುವುದು ಎಲ್ಲರ ಕಣ್ಣಿಗೆ ಬೀಳುವ ರೂಪ. ಸದ್ದಿಲ್ಲದ ಕೊರತೆಗಳು ಹಾಗಲ್ಲ. 26 ದಿನ ಹಾಜರಿದ್ದವರಿಗೆ 23 ದಿನದ ಲೆಕ್ಕ, ಹೆಚ್ಚುವರಿ ಗಂಟೆಗಳ ದುಡಿಮೆಗೆ, ಅಂದರೆ ಓಟಿಗೆ, ದುಪ್ಪಟ್ಟು ದರದ ಬದಲು ಒಂಟಿ ದರ, ಏಪ್ರಿಲ್‌ನಲ್ಲಿ ಏರಬೇಕಾದ ತುಟ್ಟಿಭತ್ಯೆ ಏರದೆ ಉಳಿಯುವುದು, ಭವಿಷ್ಯ ನಿಧಿಗೆಂದು ಹಿಡಿದ ಹಣವನ್ನು ನಿಧಿಗೆ ಕಟ್ಟದಿರುವುದು, ಕೆಲಸ ಬಿಟ್ಟವರ ಕೊನೆಯ ಲೆಕ್ಕವನ್ನು ‘ಮುಂದಿನ ವಾರ ಬನ್ನಿ’ ಎಂದು ತಿಂಗಳುಗಟ್ಟಲೆ ಎಳೆಯುವುದು ಇವೆಲ್ಲವೂ ಬಾಕಿಯೇ. ಇಂಥ ಕೊರತೆಯನ್ನು ಅನ್ಯಾಯವೆಂದು ಕರೆಯುವುದು ಸುಲಭ. ಇಷ್ಟೇ ರೂಪಾಯಿ ಎಂದು ಹೇಳುವುದು ಕಷ್ಟ. ಆದರೆ ಕಾರ್ಮಿಕ ಇಲಾಖೆಯ ಅಧಿಕಾರಿಯಾಗಲಿ ನ್ಯಾಯಾಲಯವಾಗಲಿ ಮೊದಲು ಕೇಳುವುದು ಆ ಎರಡನೆಯದನ್ನೇ.

ಕಾನೂನು ಬೆಳೆದ ದಾರಿ

ಬ್ರಿಟಿಷರ ಕಾಲದ ಬಟ್ಟೆ ಗಿರಣಿಗಳಲ್ಲಿ ದಂಡ ಹಾಕುವುದು ದಿನನಿತ್ಯದ ಪದ್ಧತಿಯಾಗಿತ್ತು. ತಡವಾಗಿ ಬಂದರೆ ದಂಡ, ನೇಯ್ಗೆ ಕೆಟ್ಟರೆ ದಂಡ. ಕೆಲವೆಡೆ ಹಾಳಾದ ಬಟ್ಟೆಯನ್ನು ನೇಯ್ದವನ ತಲೆಗೇ ಕಟ್ಟಿ, ಅದರ ಬೆಲೆಯನ್ನು ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದರು. 1929ರಲ್ಲಿ ಜೆ.ಎಚ್. ವಿಟ್ಲಿ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ರಾಯಲ್ ಕಾರ್ಮಿಕ ಆಯೋಗ 1931ರಲ್ಲಿ ವರದಿ ಕೊಟ್ಟಿತು. ಅದರ ಫಲವಾಗಿ ಬಂದದ್ದು 1936ರ ವೇತನ ಪಾವತಿ ಕಾಯ್ದೆ. ಸಂಬಳ ಯಾವ ದಿನ ಕೊಡಬೇಕು, ಅದರಲ್ಲಿ ಏನನ್ನು ಮುರಿದುಕೊಳ್ಳಬಹುದು ಎಂಬ ಎರಡೇ ಪ್ರಶ್ನೆಗಳಿಗೆ ಆ ಕಾಯ್ದೆ ಉತ್ತರ ಹೇಳಿತು. ಎಷ್ಟು ಕೊಡಬೇಕು ಎಂಬ ಪ್ರಶ್ನೆ ಸ್ವಾತಂತ್ರ್ಯ ಬರುವವರೆಗೂ ಕಾದು, 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ಉತ್ತರ ಪಡೆಯಿತು.

1982ರಲ್ಲಿ ದೆಹಲಿಯ ಏಷ್ಯಾಡ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಹೆಜ್ಜೆ ಮುಂದಕ್ಕೆ ಹೋಯಿತು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಗೆ ಸಮ ಎಂದಿತು. ಬಲವಂತ ಎಂದರೆ ಬೆತ್ತ ಹಿಡಿದು ನಿಲ್ಲುವುದಷ್ಟೇ ಅಲ್ಲ, ಹಸಿವು ಬೇರೆ ದಾರಿಯನ್ನೇ ಉಳಿಸದಿದ್ದರೆ ಅದೂ ಬಲವಂತವೇ ಎಂಬುದು ಆ ತೀರ್ಪಿನ ತಿರುಳು.

1936 ಮತ್ತು 1948ರ ಕಾಯ್ದೆಗಳ ಜೊತೆಗೆ 1965ರ ಬೋನಸ್ ಪಾವತಿ ಕಾಯ್ದೆ ಹಾಗೂ 1976ರ ಸಮಾನ ವೇತನ ಕಾಯ್ದೆಯನ್ನು ಒಂದುಗೂಡಿಸಿ 2019ರಲ್ಲಿ ವೇತನ ಸಂಹಿತೆಯನ್ನು ರಚಿಸಲಾಯಿತು. ಅದು ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಹಳೆಯ ವೇತನ ಪಾವತಿ ಕಾಯ್ದೆಯ ರಕ್ಷಣೆ ಅದರ ಕೊನೆಯ ವರ್ಷಗಳಲ್ಲಿ ತಿಂಗಳಿಗೆ 24,000 ರೂಪಾಯಿವರೆಗಿನ ಸಂಬಳದವರಿಗೆ ಮಾತ್ರ ಇತ್ತು. ಸಂಹಿತೆಯಲ್ಲಿ ಆ ಮಿತಿ ಇಲ್ಲ. ಮೇಲ್ವಿಚಾರಕರೂ ವ್ಯವಸ್ಥಾಪಕರೂ ಅದರ ಅರ್ಥದಲ್ಲಿ ಉದ್ಯೋಗಿಗಳೇ. ಸಾಫ್ಟ್‌ವೇರ್ ಸಂಸ್ಥೆಯ ತಂಡನಾಯಕನಿಗೂ ಹೋಟೆಲಿನ ಸಪ್ಲೈಯರ್‌ಗೂ ಬಾಕಿಯ ವಿಷಯದಲ್ಲಿ ಈಗ ಬಾಗಿಲು ಒಂದೇ.

ಬಟವಾಡೆಯ ದಿನ

ತಿಂಗಳ ಸಂಬಳವನ್ನು ಮುಂದಿನ ತಿಂಗಳ ಏಳನೆಯ ದಿನ ಮುಗಿಯುವ ಮೊದಲು ಕೊಡಬೇಕು. ಹಿಂದೆ 1,000 ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಕಾರ್ಖಾನೆಗಳಿಗೆ ಹತ್ತನೆಯ ದಿನದವರೆಗೆ ಅವಕಾಶವಿತ್ತು. ಸಂಹಿತೆಯಲ್ಲಿ ಆ ವಿನಾಯಿತಿ ಹೋಗಿದೆ. ವಾರದ ಲೆಕ್ಕದವರಿಗೆ ವಾರದ ರಜೆಗೆ ಮುನ್ನಿನ ಕೊನೆಯ ಕೆಲಸದ ದಿನ, ದಿನಗೂಲಿಯವರಿಗೆ ಅಂದಿನ ಪಾಳಿ ಮುಗಿದಾಗ ಬಟವಾಡೆ ಆಗಬೇಕು.

ಕೆಲಸದಿಂದ ತೆಗೆದರೂ, ಕೆಲಸಗಾರನೇ ರಾಜೀನಾಮೆ ಕೊಟ್ಟರೂ, ಸಂಸ್ಥೆ ಮುಚ್ಚಿದರೂ ಎರಡು ಕೆಲಸದ ದಿನಗಳೊಳಗೆ ವೇತನ ಚುಕ್ತಾ ಆಗಬೇಕು ಎಂಬುದು ಇಂದಿನ ನಿಯಮ. ‘ಫುಲ್ ಅಂಡ್ ಫೈನಲ್’ ಲೆಕ್ಕಕ್ಕೆ 45 ದಿನ, 60 ದಿನ ಎಂದು ಕಚೇರಿಗಳಲ್ಲಿ ಹೇಳುವ ವಾಡಿಕೆ ಹಳೆಯದು. ವಾಡಿಕೆ ಎಷ್ಟೇ ಹಳೆಯದಾದರೂ ವೇತನದ ಮಟ್ಟಿಗೆ ಕಾನೂನನ್ನು ಮೀರುವುದಿಲ್ಲ. ತನ್ನ ವೇತನದ ಹಕ್ಕನ್ನು ಬಿಟ್ಟುಕೊಡುವುದಾಗಿ ಉದ್ಯೋಗಿ ಬರೆದುಕೊಟ್ಟ ಒಪ್ಪಂದವೂ ಅಷ್ಟರ ಮಟ್ಟಿಗೆ ಅಸಿಂಧು. ‘ನೀನೇ ಒಪ್ಪಿ ಸಹಿ ಹಾಕಿದ್ದೀಯಲ್ಲ’ ಎಂಬ ಮಾತಿಗೆ ಇರುವ ಬೆಲೆ ಇಷ್ಟೇ.

ಕನಿಷ್ಠ ವೇತನ ಮತ್ತು ತುಟ್ಟಿಭತ್ಯೆ

ಕನಿಷ್ಠ ವೇತನವೆಂಬುದು ಯಾರೋ ಊಹಿಸಿ ಬರೆದ ಅಂಕಿಯಲ್ಲ. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಅದಕ್ಕೊಂದು ಸೂತ್ರ ಕಟ್ಟಿತು. ಒಂದು ಕುಟುಂಬವೆಂದರೆ ಮೂರು ಅನುಭೋಗ ಘಟಕಗಳು. ದುಡಿಯುವವನಿಗೆ 1, ಹೆಂಡತಿಗೆ 0.8, ಎರಡು ಮಕ್ಕಳಿಗೆ ತಲಾ 0.6. ಘಟಕವೊಂದಕ್ಕೆ ದಿನಕ್ಕೆ 2,700 ಕ್ಯಾಲೊರಿ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಜೊತೆಗೆ ಇಂಧನ ಮತ್ತು ದೀಪದಂಥ ಖರ್ಚುಗಳಿಗೆ ಒಟ್ಟು ವೇತನದ ಶೇಕಡಾ 20. ಹೆಂಡತಿಯ ಊಟವನ್ನು ಐದರಲ್ಲೊಂದು ಪಾಲು ಕಡಿಮೆ ಎಣಿಸಿದ ಆ ಸಮ್ಮೇಳನದಲ್ಲಿ ಗದ್ದೆಯಲ್ಲಿ ನಾಟಿ ಹಾಕುವ ಹೆಂಗಸರು ಯಾರೂ ಕುಳಿತಿರಲಿಲ್ಲವೆಂದು ಕಾಣುತ್ತದೆ. 1991ರಲ್ಲಿ ರೆಪ್ಟಾಕೋಸ್ ಬ್ರೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಶಿಕ್ಷಣ, ವೈದ್ಯಕೀಯ ವೆಚ್ಚ, ಹಬ್ಬ, ಮದುವೆ, ಮುಪ್ಪಿನ ಆಸರೆಗಳಿಗಾಗಿ ಶೇಕಡಾ 25ನ್ನು ಈ ಸೂತ್ರಕ್ಕೆ ಸೇರಿಸಿತು.

ಹೀಗೆ ನಿಗದಿಯಾದ ಮೊತ್ತಕ್ಕೆ ಎರಡು ಭಾಗಗಳಿರುತ್ತವೆ. ಒಂದು ಮೂಲ ವೇತನ. ಅದನ್ನು ಐದು ವರ್ಷ ಮೀರದಂತೆ ಪರಿಷ್ಕರಿಸಬೇಕು. ಇನ್ನೊಂದು ಬೆಲೆ ಏರಿಕೆಯೊಂದಿಗೆ ಬದಲಾಗುವ ತುಟ್ಟಿಭತ್ಯೆ. ಕಾರ್ಖಾನೆಗಳಲ್ಲಿ ಇದನ್ನು ‘ವಿಡಿಎ’ ಎಂದೇ ಕರೆಯುತ್ತಾರೆ. ಕರ್ನಾಟಕದಲ್ಲಿ ಗ್ರಾಹಕ ಬೆಲೆ ಸೂಚ್ಯಂಕವನ್ನು ನೋಡಿ ಪ್ರತಿ ವರ್ಷ ಏಪ್ರಿಲ್ 1ರಿಂದ ಹೊಸ ತುಟ್ಟಿಭತ್ಯೆ ಅನ್ವಯವಾಗುತ್ತದೆ. ದರಗಳ ಪಟ್ಟಿಯನ್ನು ರಾಜ್ಯ ಕಾರ್ಮಿಕ ಇಲಾಖೆ ಉದ್ಯೋಗ, ಕುಶಲತೆ ಮತ್ತು ವಲಯವಾರು ಪ್ರಕಟಿಸುತ್ತದೆ. ಮನೆಗೆಲಸದವರನ್ನೂ ಕರ್ನಾಟಕ 2004ರಲ್ಲೇ ಈ ಪಟ್ಟಿಗೆ ಸೇರಿಸಿತು. ಪಾತ್ರೆ ತೊಳೆಯುವ, ನೆಲ ಒರೆಸುವ ಕೆಲಸಕ್ಕೂ ಸರ್ಕಾರಿ ದರವಿದೆ ಎಂಬುದು ಆ ಮನೆಗಳ ಯಜಮಾನಿಯರಿಗೆ ತಿಳಿದಿರುವುದು ಅಪರೂಪ.

ಸಣ್ಣ ಕೊರತೆ ಎಷ್ಟು ದೊಡ್ಡದಾಗಬಲ್ಲುದು ಎಂಬುದನ್ನು ಕರ್ನಾಟಕದ ಗಾರ್ಮೆಂಟ್ಸ್ ಉದ್ಯಮ ತೋರಿಸಿಕೊಟ್ಟಿದೆ. 2020ರ ಏಪ್ರಿಲ್‌ನಿಂದ ತುಟ್ಟಿಭತ್ಯೆ ತಿಂಗಳಿಗೆ ಸುಮಾರು 417 ರೂಪಾಯಿ ಏರಬೇಕಿತ್ತು. ಕೋವಿಡ್‌ನ ಕಾರಣ ನೀಡಿ ರಾಜ್ಯ ಸರ್ಕಾರ ಆ ವರ್ಷದ ಜುಲೈನಲ್ಲಿ ಏರಿಕೆಯನ್ನು ಮುಂದೂಡಿತು. ಕಾರ್ಮಿಕ ಸಂಘಗಳು ಹೈಕೋರ್ಟ್ ಮೆಟ್ಟಿಲೇರಿದವು. ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ ಕಾರ್ಮಿಕರ ಪರವಾಗಿ ಆದೇಶ ನೀಡಿತು. ಆದರೂ ಅನೇಕ ಕಾರ್ಖಾನೆಗಳು ಕೊಡಲಿಲ್ಲ. ರಾಜ್ಯದ ಸುಮಾರು ನಾಲ್ಕು ಲಕ್ಷ ಹೊಲಿಗೆ ಕಾರ್ಮಿಕರಿಗೆ, ಅವರಲ್ಲಿ ಬಹುಪಾಲು ಹೆಂಗಸರಿಗೆ, ಇದು ತಟ್ಟಿತು. ಬಾಕಿ ಸೇರಿಸಿ ಕೊಡಲು ದೊಡ್ಡ ಕಾರ್ಖಾನೆಗಳು ಮುಂದಾದದ್ದು 2022ರ ಆರಂಭದಲ್ಲಿ, ವಿದೇಶಿ ಬ್ರ್ಯಾಂಡುಗಳ ಮೇಲೆ ಒತ್ತಡ ಬಿದ್ದ ನಂತರ. ದಿನದ ಲೆಕ್ಕದಲ್ಲಿ 16 ರೂಪಾಯಿ, ಒಂದು ಕಾಫಿಯ ದುಡ್ಡು. 20 ತಿಂಗಳಿಗೆ ಅದೇ ಒಬ್ಬಳಿಗೆ 8,340 ರೂಪಾಯಿ. ಆ ನಾಲ್ಕು ಲಕ್ಷದಿಂದ ಗುಣಿಸಿದರೆ ಮುನ್ನೂರು ಕೋಟಿ ದಾಟುತ್ತದೆ.

ಕಡಿತ: ಯಾವುದು ಸರಿ, ಯಾವುದು ತಪ್ಪು

ಕಾನೂನು ಪಟ್ಟಿ ಮಾಡಿದ ಕಡಿತಗಳಿಗೆ ಮಾತ್ರ ಅವಕಾಶವಿದೆ. ಗೈರುಹಾಜರಿಯ ದಿನಗಳ ವೇತನ, ಭವಿಷ್ಯ ನಿಧಿ ಮತ್ತು ಇಎಸ್‌ಐ (ನೌಕರರ ರಾಜ್ಯ ವಿಮೆ) ವಂತಿಗೆ, ಆದಾಯ ತೆರಿಗೆ, ಮುಂಗಡ ಮತ್ತು ಸಾಲದ ಕಂತು, ಸಂಸ್ಥೆ ಕೊಟ್ಟ ವಸತಿ, ಸಹಕಾರ ಸಂಘದ ಬಾಕಿ ಇವು ಮುಖ್ಯವಾದವು. ಎಲ್ಲವೂ ಸೇರಿ ವೇತನದ ಅರ್ಧವನ್ನು ಮೀರಬಾರದು. ಗೈರುಹಾಜರಿಗೆ ಮುರಿಯುವುದು ಗೈರಾದ ಕಾಲದ ಪ್ರಮಾಣದಲ್ಲೇ ಇರಬೇಕು. ಒಂದು ದಿನ ತಪ್ಪಿಸಿಕೊಂಡವನಿಗೆ ಮೂರು ದಿನದ ಸಂಬಳ ಹಿಡಿಯುವ ‘ನಮ್ಮ ರೂಲ್ಸ್’ ಕಾನೂನಿನಲ್ಲಿಲ್ಲ.

ದಂಡಕ್ಕೆ ಇನ್ನೂ ಬಿಗಿಯಾದ ಅಂಕೆ ಇದೆ. ಆ ಅವಧಿಯ ವೇತನದ ಶೇಕಡಾ 3 ಮೀರುವಂತಿಲ್ಲ, ಕಂತುಗಳಲ್ಲಿ ವಸೂಲು ಮಾಡುವಂತಿಲ್ಲ, 90 ದಿನ ಕಳೆದ ಮೇಲೆ ವಸೂಲು ಮಾಡುವಂತೆಯೇ ಇಲ್ಲ, ಮೊದಲು ಕಾರಣ ಹೇಳಲು ಅವಕಾಶ ಕೊಡಬೇಕು. 15,600 ರೂಪಾಯಿ ಸಂಬಳದವರಿಗೆ ಗರಿಷ್ಠ ದಂಡ 468 ರೂಪಾಯಿ. ಪೆಟ್ರೋಲ್ ಬಂಕಿನ ಹುಡುಗನ ಕ್ಯಾಶ್ ಕಡಿಮೆ ಬಿದ್ದಾಗ, ಹೋಟೆಲಿನಲ್ಲಿ ತಟ್ಟೆ ಒಡೆದಾಗ ಹಿಡಿಯುವ ಹಣ ನಷ್ಟದ ಕಡಿತದ ವರ್ಗಕ್ಕೆ ಸೇರುತ್ತದೆ. ಆ ವಸ್ತು ಅಥವಾ ಹಣವನ್ನು ಅವನ ವಶಕ್ಕೆ ಒಪ್ಪಿಸಿರಬೇಕು, ನಷ್ಟ ಅವನ ನಿರ್ಲಕ್ಷ್ಯದಿಂದಲೇ ಆಗಿರಬೇಕು, ಅವನ ವಿವರಣೆ ಕೇಳಿರಬೇಕು. ಅಂದು ಬಂಕಿನಲ್ಲಿದ್ದ ಆರು ಜನರ ಸಂಬಳದಲ್ಲೂ ಸಮನಾಗಿ ಹಂಚಿ ಮುರಿಯುವುದು ಈ ಷರತ್ತುಗಳಲ್ಲಿ ಒಂದನ್ನೂ ಪೂರೈಸುವುದಿಲ್ಲ.

ಭವಿಷ್ಯ ನಿಧಿಯದು ಬೇರೆ ಕಥೆ. ಸಂಬಳದ ಚೀಟಿಯಲ್ಲಿ ಶೇಕಡಾ 12 ಹಿಡಿದದ್ದು ಕಾಣುತ್ತದೆ, ಆದರೆ ನಿಧಿಯ ಯುಎಎನ್ ಪಾಸ್‌ಬುಕ್ಕಿನಲ್ಲಿ ಆ ತಿಂಗಳು ಖಾಲಿ. ಇದು ಬರಿಯ ಬಾಕಿಯಲ್ಲ, ನಂಬಿಕೆ ದ್ರೋಹದ ಅಪರಾಧ. ದೂರು ಹೋಗಬೇಕಾದದ್ದೂ ಕಾರ್ಮಿಕ ಕಚೇರಿಗಲ್ಲ, ಭವಿಷ್ಯ ನಿಧಿ ಸಂಘಟನೆಗೆ. ಆಸ್ಪತ್ರೆಯ ಬಾಗಿಲಲ್ಲಿ ಇಎಸ್‌ಐ ಕಾರ್ಡ್ ಚಲಾವಣೆಯಾಗದಿದ್ದಾಗಲೇ ವಂತಿಗೆ ಕಟ್ಟಿಲ್ಲವೆಂದು ಗೊತ್ತಾಗುವ ಬದಲು ಎರಡು ಮೂರು ತಿಂಗಳಿಗೊಮ್ಮೆ ಇವೆರಡನ್ನೂ ಫೋನಿನಲ್ಲೇ ನೋಡಿಕೊಳ್ಳಬಹುದು.

ಓಟಿಯ ಲೆಕ್ಕ

ನಿಗದಿತ ಅವಧಿಗೆ ಮೀರಿದ ದುಡಿಮೆಗೆ ಸಾಮಾನ್ಯ ದರದ ಎರಡರಷ್ಟು ವೇತನ ಕೊಡಬೇಕು. ತಿಂಗಳಿಗೆ 15,600 ರೂಪಾಯಿ, 26 ಕೆಲಸದ ದಿನ, ದಿನಕ್ಕೆ 8 ಗಂಟೆ ಎಂದಿಟ್ಟುಕೊಂಡರೆ ದಿನದ ದರ 600, ಗಂಟೆಯ ದರ 75, ಓಟಿಯ ದರ ಗಂಟೆಗೆ 150 ರೂಪಾಯಿ. ತಿಂಗಳಲ್ಲಿ 12 ಗಂಟೆ ಹೆಚ್ಚು ದುಡಿದವರಿಗೆ 1,800 ರೂಪಾಯಿ ಸಲ್ಲಬೇಕು. ಒಂಟಿ ದರದಲ್ಲಿ 900 ಕೊಟ್ಟಿದ್ದರೆ ಕೊರತೆ 900. ಅದು ವರ್ಷಕ್ಕೆ 10,800, ಮೂರು ವರ್ಷಕ್ಕೆ 32,400 ರೂಪಾಯಿ.

ಲೆಕ್ಕ ಸುಲಭ. ಕಷ್ಟವಿರುವುದು ಗಂಟೆಗಳನ್ನು ತೋರಿಸುವುದರಲ್ಲಿ. ಹೊಲಿಗೆ ಲೈನುಗಳಲ್ಲಿ ‘ಪ್ರೊಡಕ್ಷನ್’ ಮುಗಿಯದಿದ್ದರೆ ಪಂಚ್ ಔಟ್ ಮಾಡಿಸಿ ಮತ್ತೆ ಮೆಷಿನ್ ಮುಂದೆ ಕೂರಿಸುವುದುಂಟು. ಹಾಜರಿ ಯಂತ್ರದ ದಾಖಲೆಯಲ್ಲಿ ಹೊಲಿಯುವವಳು ಐದೂವರೆಗೆ ಮನೆಗೆ ಹೋದವಳು. ಬಸ್ಸಿಗೆ ನಿಂತದ್ದು ಆರೂಕಾಲಿಗೆ. ಭಾನುವಾರದ ಕೆಲಸಕ್ಕೆ ಹಣದ ಬದಲು ‘ಸಿ-ಆಫ್’ (ಬದಲಿ ರಜೆ) ಎಂದು ಹೇಳಿ ಆ ರಜೆಯನ್ನೂ ಕೊಡದಿರುವುದು ಇದರ ಒಡಹುಟ್ಟು.

ದಾಖಲೆಗಳು

ವೇತನ ಕೊಟ್ಟಿಲ್ಲ, ಕಡಿಮೆ ಕೊಟ್ಟಿದ್ದಾರೆ ಅಥವಾ ತಪ್ಪಾಗಿ ಮುರಿದಿದ್ದಾರೆ ಎಂಬ ದಾವೆಯಲ್ಲಿ, ಕೊಟ್ಟಿದ್ದೇನೆಂದು ರುಜುವಾತುಪಡಿಸುವ ಹೊಣೆ ಮಾಲೀಕನದು. ಹಾಜರಿ ಮತ್ತು ವೇತನದ ದಾಖಲೆಗಳನ್ನು ಇಡುವುದು, ವೇತನ ಚೀಟಿ ಕೊಡುವುದು ಅವನ ಕರ್ತವ್ಯ. ಐದಕ್ಕಿಂತ ಹೆಚ್ಚು ಜನ ದುಡಿಯದ ಕೃಷಿ ಮತ್ತು ಮನೆಗೆಲಸದ ಕಡೆ ಪುಸ್ತಕ ಇಡುವುದರಿಂದ ವಿನಾಯಿತಿ ಇದೆ. ಆದರೆ ಕೇಳಿದಾಗ ಹಣ ಕೊಟ್ಟದ್ದಕ್ಕೆ ತಕ್ಕ ಆಧಾರ ತೋರಿಸಬೇಕು.

ಹೀಗೆಂದು ಕೆಲಸಗಾರರು ಕೈಕಟ್ಟಿ ಕೂರುವಂತಿಲ್ಲ. ತಾನು ಅಲ್ಲಿ ದುಡಿದದ್ದು ನಿಜ ಎಂಬುದನ್ನು ಮೊದಲು ತೋರಿಸಬೇಕಾದದ್ದು ಅವರೇ. ನೇಮಕ ಪತ್ರ ಈಗ ಕಡ್ಡಾಯ; ಸಿಗದಿದ್ದಲ್ಲಿ ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಬುಕ್, ಸೂಪರ್‌ವೈಸರ್ ಕಳಿಸಿದ ವಾಟ್ಸಾಪ್ ಸಂದೇಶ, ಇಎಸ್‌ಐ ಕಾರ್ಡ್, ಜೊತೆಯವರ ಹೇಳಿಕೆ ಎಲ್ಲವೂ ಆಧಾರಗಳೇ. ಇವೆಲ್ಲಕ್ಕಿಂತ ಅಗ್ಗದ ದಾಖಲೆ ಮನೆಯಲ್ಲೇ ಇರುತ್ತದೆ. ಹಾಲಿನವರ ಲೆಕ್ಕಕ್ಕೆ ಗುರುತು ಹಾಕುವ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಅದೇ ಚೌಕದಲ್ಲಿ ‘ಒಳಗೆ 8.50, ಹೊರಗೆ 6.15’ ಎಂದು ದಿನದಿನ ಬರೆದಿಟ್ಟರೆ, ವರ್ಷದ ಕೊನೆಗೆ ಹನ್ನೆರಡು ಹಾಳೆಗಳ ಹಾಜರಿ ಪುಸ್ತಕವಾಗುತ್ತದೆ. ಅಂದಂದೇ ಬರೆದದ್ದೆಂದು ಕಾಣುವ ಬರಹಕ್ಕೆ, ನೆನಪಿನಿಂದ ಒಮ್ಮೆಲೇ ಬರೆದ ಪಟ್ಟಿಗಿಂತ ತೂಕ ಹೆಚ್ಚು. ಮೂರು ಬಣ್ಣದ ಪೆನ್ನು, ಅಲ್ಲಲ್ಲಿ ಎಣ್ಣೆಯ ಕಲೆ, ನಡುವೆ ಹಾಲಿನ ಲೀಟರು ಇದ್ದರೆ ಇನ್ನೂ ಒಳ್ಳೆಯದು.

ಹಾಜರಿಯ ದಾಖಲೆ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಕೋಲಾರ ಜಿಲ್ಲೆಯ ನರಸಾಪುರದ ಐಫೋನ್ ಜೋಡಣಾ ಕಾರ್ಖಾನೆ ಉದಾಹರಣೆ. 2020ರ ಅಕ್ಟೋಬರ್‌ನಲ್ಲಿ ಅಲ್ಲಿ 8 ಗಂಟೆಯ ಪಾಳಿಯನ್ನು 12 ಗಂಟೆಗೆ ಏರಿಸಲಾಯಿತು. ಹಾಜರಿ ವ್ಯವಸ್ಥೆ ಅದಕ್ಕೆ ತಕ್ಕಂತೆ ಬದಲಾಗಿರಲಿಲ್ಲ. ಗುತ್ತಿಗೆ ಸಂಸ್ಥೆಗಳ ಮೂಲಕ ಸೇರಿದ್ದವರ ಸಂಬಳ ಹೇಳಿದ್ದಕ್ಕಿಂತ ಕಡಿಮೆ ಬಂತು. ಡಿಸೆಂಬರ್ 12ರ ಬೆಳಗ್ಗೆ ಪಾಳಿ ಬದಲಾಗುವ ಹೊತ್ತಿನಲ್ಲಿ ಕಾರ್ಖಾನೆಯ ಗಾಜುಗಳು ಪುಡಿಯಾದವು, ವಾಹನಗಳು ಉರುಳಿದವು, ನೂರಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು. ಕೆಲವರಿಗೆ ಸರಿಯಾಗಿ, ಸಕಾಲಕ್ಕೆ ವೇತನ ಸಂದಿರಲಿಲ್ಲವೆಂದು ಕಂಪನಿಯೇ ಆ ಮೇಲೆ ಒಪ್ಪಿಕೊಂಡಿತು.

ಮೊದಲ ಪತ್ರ

ಬಾಯಿಮಾತಿನ ಕೇಳಿಕೆಗೆ ಗುರುತು ಉಳಿಯುವುದಿಲ್ಲ. ಆದ್ದರಿಂದ ದೂರಿಗೆ ಮುನ್ನ ಮಾಲೀಕರಿಗೆ ಒಂದು ಪತ್ರ ಹೋಗಬೇಕು. ಸಿಟ್ಟಾಗಲಿ ಕಾನೂನಿನ ಕಲಮುಗಳ ಪಟ್ಟಿಯಾಗಲಿ ಅದರಲ್ಲಿ ಬೇಡ. ಈ ಮಾದರಿ ಸಾಕು:

‘ಮಾನ್ಯರೇ, ನಾನು ನಿಮ್ಮ ಸಂಸ್ಥೆಯ ಪ್ಯಾಕಿಂಗ್ ವಿಭಾಗದಲ್ಲಿ ತಿಂಗಳಿಗೆ 15,600 ರೂಪಾಯಿ ವೇತನಕ್ಕೆ ಕೆಲಸ ಮಾಡುತ್ತಿದ್ದೇನೆ. ಜನವರಿ ತಿಂಗಳಲ್ಲಿ 26 ದಿನ ಹಾಜರಿದ್ದೆನು. 23 ದಿನದ ವೇತನ ಮಾತ್ರ ಜಮೆಯಾಗಿದೆ. 3 ದಿನದ ವೇತನ 1,800 ರೂಪಾಯಿ ಹಾಗೂ 12 ಗಂಟೆಗಳ ಓಟಿಯ ವ್ಯತ್ಯಾಸ 900 ರೂಪಾಯಿ, ಒಟ್ಟು 2,700 ರೂಪಾಯಿ ಬರಬೇಕಿದೆ. ಈ ಪತ್ರ ತಲುಪಿದ 7 ದಿನಗಳೊಳಗೆ ನನ್ನ ಖಾತೆಗೆ ಜಮೆ ಮಾಡಬೇಕಾಗಿ, ಲೆಕ್ಕದಲ್ಲಿ ವ್ಯತ್ಯಾಸವಿದ್ದರೆ ಬರಹದಲ್ಲಿ ತಿಳಿಸಬೇಕಾಗಿ ಕೋರುತ್ತೇನೆ.’

ಕೊನೆಯ ವಾಕ್ಯದಲ್ಲಿ ಜಾಣತನವಿದೆ. ನಿಜವಾಗಿಯೂ ಲೆಕ್ಕದ ತಪ್ಪಾಗಿದ್ದರೆ ಮುಖಭಂಗವಿಲ್ಲದೆ ಸರಿಪಡಿಸಲು ಅದು ದಾರಿ ಕೊಡುತ್ತದೆ. ತಪ್ಪಲ್ಲದಿದ್ದರೆ ಉತ್ತರವಿಲ್ಲದ ಪತ್ರವೇ ಮುಂದೆ ಸಾಕ್ಷಿಯಾಗುತ್ತದೆ. ಇಮೇಲ್ ಅಥವಾ ಸ್ವೀಕೃತಿಯಿರುವ ಸ್ಪೀಡ್ ಪೋಸ್ಟ್ ಒಳ್ಳೆಯದು. ಅರ್ಧ ಹಣ ಕೊಟ್ಟು ‘ಎಲ್ಲ ಚುಕ್ತಾ’ ಎಂದು ಬರೆದ ಕಾಗದಕ್ಕೆ ಸಹಿ ಕೇಳಿದರೆ, ಸಹಿಯ ಮೇಲೆ ‘ಬಾಕಿಯ ಹಕ್ಕನ್ನು ಉಳಿಸಿಕೊಂಡು, ಆಕ್ಷೇಪದೊಂದಿಗೆ ಪಡೆದಿದ್ದೇನೆ’ ಎಂದು ಬರೆಯಬಹುದು.

ಪ್ರಾಧಿಕಾರದ ಮುಂದೆ

ಪತ್ರಕ್ಕೆ ಫಲ ಸಿಗದಿದ್ದರೆ ಮುಂದಿನ ಮೆಟ್ಟಿಲು ಕಾರ್ಮಿಕ ಇಲಾಖೆ. ತಾಲ್ಲೂಕು ಮಟ್ಟದಲ್ಲಿ ಕಾರ್ಮಿಕ ನಿರೀಕ್ಷಕರು, ಜಿಲ್ಲೆಯಲ್ಲಿ ಕಾರ್ಮಿಕ ಅಧಿಕಾರಿ, ಅವರ ಮೇಲೆ ಸಹಾಯಕ ಕಾರ್ಮಿಕ ಆಯುಕ್ತರು. ಆಯುಕ್ತರ ಕಚೇರಿ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿದೆ. ಇಲಾಖೆಯ ಸಹಾಯವಾಣಿ 155214. ನಿರೀಕ್ಷಕರ ಒಂದು ಭೇಟಿ ಅಥವಾ ನೋಟಿಸಿನಿಂದಲೇ ಇತ್ಯರ್ಥವಾಗುವ ದೂರುಗಳಿರುತ್ತವೆ. ಗಣಿ, ರೈಲ್ವೆ, ಕೇಂದ್ರ ಸರ್ಕಾರದ ಉದ್ದಿಮೆಗಳಿಗೆ ಮಾತ್ರ ಈ ಕಚೇರಿಯ ಅಧಿಕಾರ ನಡೆಯದು. ಸಂಡೂರಿನ ಅದಿರು ಗಣಿಯ ಕಾರ್ಮಿಕ ಹೋಗಬೇಕಾದದ್ದು ಕೇಂದ್ರದ ಕಾರ್ಮಿಕ ಆಯುಕ್ತರ ಬಳಿಗೆ. ತಪ್ಪು ಬಾಗಿಲು ತಟ್ಟಿ ಆರು ತಿಂಗಳು ಕಳೆದುಕೊಳ್ಳುವುದಕ್ಕಿಂತ ಮೊದಲೇ ವಿಚಾರಿಸುವುದು ಮೇಲು.

ದೂರು ಮಾತುಕತೆಯಲ್ಲಿ ಮುಗಿಯದಿದ್ದರೆ ವೇತನ ದಾವೆಯ ಅರ್ಜಿ. ಗೆಜೆಟೆಡ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯನ್ನು ಸರ್ಕಾರ ಇದಕ್ಕೆ ಪ್ರಾಧಿಕಾರವಾಗಿ ನೇಮಿಸುತ್ತದೆ. ಅರ್ಜಿಯನ್ನು ಉದ್ಯೋಗಿ, ಅವನು ಸದಸ್ಯನಾದ ನೋಂದಾಯಿತ ಕಾರ್ಮಿಕ ಸಂಘ ಅಥವಾ ನಿರೀಕ್ಷಕರು ಸಲ್ಲಿಸಬಹುದು. ಒಂದೇ ಸಂಸ್ಥೆಯ ಎಷ್ಟು ಜನ ಬೇಕಾದರೂ ಒಂದೇ ಅರ್ಜಿಯಲ್ಲಿ ಸೇರಬಹುದು. ಇದು ಸಣ್ಣ ಅನುಕೂಲವಲ್ಲ: ಒಂಟಿ ಅರ್ಜಿದಾರನನ್ನು ಗೇಟಿನಲ್ಲೇ ತಡೆಯುವುದು ಸುಲಭ, ಇಡೀ ಲೈನನ್ನು ತಡೆದರೆ ಉತ್ಪಾದನೆಯೇ ನಿಲ್ಲುತ್ತದೆ. ದೂರು ಕೊಟ್ಟ ಸೇಡಿಗೆ ಕೆಲಸದಿಂದ ತೆಗೆಯುವುದು ಅನುಚಿತ ಕಾರ್ಮಿಕ ಪದ್ಧತಿ ಎನಿಸಿಕೊಳ್ಳುತ್ತದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು 1987ರ ಕಾನೂನು ಸೇವೆಗಳ ಕಾಯ್ದೆಯಡಿ ಉಚಿತ ವಕೀಲರನ್ನು ಪಡೆಯಬಹುದು. ಅದರ ಸಹಾಯವಾಣಿ 15100.

ಅವಧಿಯ ಮಿತಿ ಮೂರು ವರ್ಷ. ಹಳೆಯ ಕಾಯ್ದೆಗಳಲ್ಲಿ ಕನಿಷ್ಠ ವೇತನದ ದಾವೆಗೆ ಆರು ತಿಂಗಳು, ತಡವಾದ ವೇತನದ ದಾವೆಗೆ ಒಂದು ವರ್ಷ ಮಾತ್ರ ಇತ್ತು. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ವಿಧಿಸಲು ಪ್ರಾಧಿಕಾರಕ್ಕೆ ಅಧಿಕಾರವಿದೆ. ಹತ್ತು ಪಟ್ಟು ಎಂಬುದು ಮೇಲಿನ ಮಿತಿ. ಕೈಗೆ ಬರುವ ಖಾತರಿಯಲ್ಲ. ಮೂರು ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕೆಂದು ಸಂಹಿತೆ ಹೇಳುತ್ತದೆ, ಆದೇಶದ ಮೇಲೆ 90 ದಿನಗಳೊಳಗೆ ಮೇಲ್ಮನವಿಗೆ ಅವಕಾಶವಿದೆ.

ಆದೇಶ ಬಂದರೂ ಮಾಲೀಕ ಹಣ ಕೊಡದಿದ್ದರೆ ಪ್ರಾಧಿಕಾರ ಜಿಲ್ಲಾಧಿಕಾರಿಗೆ ವಸೂಲಿ ಪ್ರಮಾಣಪತ್ರ ಕಳಿಸುತ್ತದೆ, ಮೊತ್ತವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಲಾಗುತ್ತದೆ. ತಹಶೀಲ್ದಾರರ ಕಚೇರಿಯಲ್ಲಿ ಕಡತ ಮಲಗುವುದು ಇಲ್ಲಿಯೇ. ಮಾಲೀಕನ ಆಸ್ತಿ, ಬ್ಯಾಂಕ್ ಖಾತೆ, ವಾಹನದ ವಿವರಗಳನ್ನು ಅರ್ಜಿದಾರರೇ ಒದಗಿಸಿ ಬೆನ್ನು ಹತ್ತಿದರೆ ಕಡತ ಚಲಿಸುತ್ತದೆ. ಕಡಿಮೆ ವೇತನ ಕೊಟ್ಟದ್ದಕ್ಕೆ 50,000 ರೂಪಾಯಿವರೆಗೆ ದಂಡವಿದೆ. ಐದು ವರ್ಷದೊಳಗೆ ಅದೇ ತಪ್ಪು ಮರುಕಳಿಸಿದರೆ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಆ ದಂಡ ಸೇರುವುದು ಸರ್ಕಾರಕ್ಕೆ, ಕೆಲಸಗಾರನಿಗಲ್ಲ.

ಗುತ್ತಿಗೆದಾರ ಕೈಯೆತ್ತಿದಾಗ

ಸೆಕ್ಯೂರಿಟಿ, ಹೌಸ್‌ಕೀಪಿಂಗ್, ಕಟ್ಟಡ ಕೆಲಸಗಳಲ್ಲಿ ದುಡಿಸಿಕೊಳ್ಳುವವರೇ ಬೇರೆ, ಸಂಬಳ ಕೊಡುವವರೇ ಬೇರೆ. ಗುತ್ತಿಗೆದಾರ ‘ಕಂಪನಿಯಿಂದ ಬಿಲ್ ಪಾಸಾಗಿಲ್ಲ’ ಎನ್ನುತ್ತಾನೆ, ಕಂಪನಿ ‘ಗುತ್ತಿಗೆದಾರನನ್ನೇ ಕೇಳಿ’ ಎನ್ನುತ್ತದೆ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ಕಾಲದಿಂದಲೂ ಕಾನೂನು ಈ ಚೆಂಡಾಟಕ್ಕೆ ಒಂದೇ ಉತ್ತರ ಕೊಟ್ಟಿದೆ. ಗುತ್ತಿಗೆದಾರ ಕೊಡದಿದ್ದರೆ ಮೂಲ ಮಾಲೀಕ ಕೊಡಬೇಕು, ಆಮೇಲೆ ಅದನ್ನು ಗುತ್ತಿಗೆದಾರನ ಬಿಲ್ಲಿನಲ್ಲಿ ಮುರಿದುಕೊಳ್ಳಬೇಕು. ಆದ್ದರಿಂದ ಪತ್ರವನ್ನೂ ಅರ್ಜಿಯನ್ನೂ ಇಬ್ಬರ ಹೆಸರಿಗೂ ಬರೆಯಬೇಕು. ಮೇಸ್ತ್ರಿ ಊರು ಬಿಟ್ಟು ಹೋದರೂ ಅವನು ಕಟ್ಟಿಸಿದ ಕಟ್ಟಡ ಊರಿನಲ್ಲೇ ನಿಂತಿರುತ್ತದೆ.

ಇಟ್ಟಿಗೆ ಗೂಡು, ಕಲ್ಲು ಕ್ವಾರಿ, ಕೆಲವು ತೋಟಗಳಲ್ಲಿ ‘ಮುಂಗಡ ತೀರಿಲ್ಲ’ ಎಂಬ ಕಾರಣಕ್ಕೆ ಕೂಲಿಯನ್ನೇ ತಡೆಹಿಡಿದು, ಬಿಟ್ಟು ಹೋಗಲೂ ಬಿಡದಿರುವ ಪ್ರಕರಣಗಳು ವೇತನ ಬಾಕಿಯ ಗಡಿ ದಾಟಿದವು. ಅವು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಗೆ ಸೇರುತ್ತವೆ. ಅಲ್ಲಿ ಬಿಡುಗಡೆಯ ಅಧಿಕಾರ ಜಿಲ್ಲಾಧಿಕಾರಿ ಮತ್ತು ಉಪವಿಭಾಗಾಧಿಕಾರಿಯದು, ಬಿಡುಗಡೆಯಾದವರ ಮುಂಗಡದ ಸಾಲವೂ ಅಲ್ಲಿಗೇ ರದ್ದು.

ಸಂಸ್ಥೆ ದಿವಾಳಿಯಾದರೆ

2016ರ ದಿವಾಳಿ ಸಂಹಿತೆಯ ಪ್ರಕಾರ ಸಂಸ್ಥೆಯನ್ನು ಸಮಾಪನಗೊಳಿಸಿದಾಗ ಕಾರ್ಮಿಕರ ಹಿಂದಿನ 24 ತಿಂಗಳ ಬಾಕಿಗೆ ಬ್ಯಾಂಕುಗಳಂಥ ಭದ್ರತೆಯುಳ್ಳ ಸಾಲದಾತರಿಗೆ ಸಮಾನವಾದ ಸ್ಥಾನವಿದೆ. ಇತರ ಉದ್ಯೋಗಿಗಳ 12 ತಿಂಗಳ ಬಾಕಿ ಅವರ ನಂತರದ ಸಾಲಿನಲ್ಲಿ ಬರುತ್ತದೆ. ಆದರೆ ಸಾಲಿನಲ್ಲಿ ಹೆಸರಿರಬೇಕಾದರೆ ನೇಮಕಗೊಂಡ ದಿವಾಳಿ ವೃತ್ತಿಪರರಿಗೆ ಗಡುವಿನೊಳಗೆ ಬಾಕಿಯ ದಾವೆ ಸಲ್ಲಿಸಬೇಕು. ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಸಾರ್ವಜನಿಕ ಪ್ರಕಟಣೆಯಲ್ಲಿ ಆ ಗಡುವು ಇರುತ್ತದೆ.

ಗಲ್ಫ್‌ನಲ್ಲಿ ದುಡಿಯುವವರು

ಮಂಗಳೂರು, ಉಡುಪಿ, ಭಟ್ಕಳದ ಕಡೆಯ ಬಹಳಷ್ಟು ಮನೆಗಳ ತಿಂಗಳ ಹಣ ಸಮುದ್ರದಾಚೆಯಿಂದ ಬರುತ್ತದೆ. ಅಲ್ಲಿ ಭಾರತದ ಸಂಹಿತೆ ನಡೆಯುವುದಿಲ್ಲ. ಸಂಯುಕ್ತ ಅರಬ್ ಸಂಸ್ಥಾನ 2009ರಲ್ಲಿ, ಸೌದಿ ಅರೇಬಿಯಾ 2013ರಲ್ಲಿ, ಕತಾರ್ 2015ರಲ್ಲಿ ವೇತನ ರಕ್ಷಣಾ ವ್ಯವಸ್ಥೆಯನ್ನು ತಂದಿವೆ. ಸಂಬಳ ಬ್ಯಾಂಕಿನ ಮೂಲಕವೇ ಹಾದು ಹೋಗುವುದರಿಂದ ಯಾವ ಕಂಪನಿ ತಪ್ಪಿಸಿತು ಎಂಬುದು ಅಲ್ಲಿನ ಸರ್ಕಾರಕ್ಕೆ ಕಾಣುತ್ತದೆ. ದೂರು ಅಲ್ಲಿನ ಕಾರ್ಮಿಕ ಸಚಿವಾಲಯಕ್ಕೆ ಹೋಗಬೇಕು; ಭಾರತದ ರಾಯಭಾರ ಕಚೇರಿಯ ನೆರವಿಗೆ ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್ ಇದೆ. ಊರಿನಲ್ಲಿರುವ ಮನೆಯವರೂ ಅದರಲ್ಲಿ ದೂರು ದಾಖಲಿಸಬಹುದು.

ಬಾಕಿ ಬಿಟ್ಟು ಊರಿಗೆ ಮರಳಿದ ಮೇಲೆ ದಾವೆ ನಡೆಸುವುದು ಬಹಳ ಕಷ್ಟ. ವೀಸಾ ಮುಗಿದು ಹಿಂತಿರುಗಲೇಬೇಕಾದವರು ಕೆಲಸದ ಕರಾರು, ಸಂಬಳದ ಚೀಟಿ ಮತ್ತು ಬ್ಯಾಂಕ್ ವಿವರದ ಪ್ರತಿಗಳನ್ನು ಜೊತೆಗಿಟ್ಟುಕೊಂಡು, ಅಲ್ಲಿಯೇ ಉಳಿಯುವ ನಂಬಿಕಸ್ಥರಿಗೆ ಅಥವಾ ವಕೀಲರಿಗೆ ಅಧಿಕಾರ ಪತ್ರ ಬರೆದುಕೊಡುವುದುಂಟು. ಆ ಪತ್ರಕ್ಕೆ ಸಹಿ ವಿಮಾನ ಹತ್ತುವ ಮೊದಲೇ ಆಗಬೇಕು.